ಅರ್ಧ ದಾರಿಯಿಂದ ಹಿಂದಿರುಗಿದ ತಂಡ: ಗಂಗಾವತಿ ತಾಲೂಕಿನ ಒಂದು ಶಿಬಿರದ ಪ್ರಕರಣ ಅಧ್ಯಯನ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಪ್ರೌಢಶಾಲೆಯೊಂದು ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಡಿಸೆಂಬರ್ ತಿಂಗಳ ಕೊನೆಯಲ್ಲಿ ಬದುಕುಳಿಯುವ ಕೌಶಲಗಳ ಶಿಬಿರವನ್ನು ನಡೆಸಿತು. ಶಿಬಿರದ ಕೊನೆಯ ಪರೀಕ್ಷೆಯಾಗಿ ಪ್ರತಿ ತಂಡವೂ ಗುಡ್ಡವನ್ನು ಹತ್ತಿ, ಆಚೆ ಬದಿಯಲ್ಲಿರುವ ಹನುಮಪ್ಪನ ಗುಡಿಯನ್ನು ಮುಟ್ಟಿ, ಬಂಡಿದಾರಿಯಲ್ಲಿ ಬಿಡಾರಕ್ಕೆ ಮರಳಬೇಕಿತ್ತು. ಐವರು ಮಕ್ಕಳ ಒಂದು ತಂಡ ಮಾತ್ರ ಗುಡಿಯನ್ನು ಮುಟ್ಟದೆ ಹತ್ತಿದ ದಾರಿಯಲ್ಲೇ ಇಳಿದು ಬಂದಿತು. ಯಾರಿಗೂ ಗಂಭೀರವಾದ ತೊಂದರೆ ಆಗಲಿಲ್ಲ. ಆದರೆ ಹಿಂದಿರುಗುವ ತೀರ್ಮಾನವನ್ನು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತೆಗೆದುಕೊಂಡಿದ್ದಳು, ಮತ್ತು ಅದನ್ನು ಹಿರಿಯರು ಹೇಗೆ ಸ್ವೀಕರಿಸಬೇಕು ಎಂಬ ವಿಷಯದಲ್ಲಿ ಶಾಲೆಯೊಳಗೆ ಬಹಳ ದಿನ ವಾದ ನಡೆಯಿತು. ಕಾಡುಮೇಡಿನಲ್ಲಿ ಬದುಕುಳಿಯುವ ವಿದ್ಯೆಯನ್ನು ಕಲಿಸಿದರೆ ಹರೆಯದ ಮಕ್ಕಳು ಪ್ರೌಢರಾಗುತ್ತಾರೆ ಎಂದು ಈಚೆಗೆ ಅನೇಕರು ಹೇಳುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಒರೆಗೆ ಹಚ್ಚಲು ಈ ಪ್ರಕರಣ ತಕ್ಕುದಾಗಿದೆ ಎಂದು ನನಗೆ ಅನಿಸಿದ್ದರಿಂದ, ತರಬೇತುದಾರರ ಜೊತೆಗಿದ್ದು ಕಂಡದ್ದನ್ನು ಇಲ್ಲಿ ದಾಖಲಿಸಿದ್ದೇನೆ. ಶಾಲೆಯ ಮತ್ತು ಮಕ್ಕಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ನೆಲ, ಮಕ್ಕಳು, ಪಾಠ

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಸುತ್ತಲಿನ ಬಯಲು ಭತ್ತದ ನಾಡಾಯಿತು. ಆದರೆ ಗದ್ದೆಯ ಬದುವಿನಿಂದ ತಲೆಯೆತ್ತಿ ನೋಡಿದರೆ ಕಾಣುವುದು ಬೇರೆಯೇ ಲೋಕ: ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗ್ರಾನೈಟ್ ಬಂಡೆಗಳು, ನಡುವೆ ಕಾರೆ, ಕವಳಿ, ಸೀತಾಫಲದ ಪೊದೆಗಳು, ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳುಗಂಟಿ. ಈ ಗುಡ್ಡಸಾಲಿನ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಜನ ಕಟ್ಟಿದ ಕಲ್ಲುಮನೆಯಂಥ ಗೋರಿಗಳು ನೂರಾರು ಸಂಖ್ಯೆಯಲ್ಲಿವೆ. ಊರವರು ಅವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ. 2021ರಲ್ಲಿ ಆ ತಾಣವು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೂ ಶಿಬಿರಕ್ಕೆ ಬಂದಿದ್ದ ಮಕ್ಕಳಲ್ಲಿ ಬಹುಪಾಲಿನವರು ಅಂಜನಾದ್ರಿಯ ಮೆಟ್ಟಿಲುಗಳನ್ನು ಬಿಟ್ಟರೆ ಬೇರೆ ಗುಡ್ಡವನ್ನು ಹತ್ತಿದವರಲ್ಲ. ಅಕ್ಕಿ ಗಿರಣಿಯ ಹಮಾಲರ, ಕೋರು ಬೇಸಾಯದವರ, ಅಂಗಡಿಕಾರರ ಮಕ್ಕಳು ಅವರು. ಕಾಲುವೆಯ ನೀರಿನಲ್ಲಿ ಈಜು ಬಲ್ಲವರಿದ್ದರೂ ಗುಡ್ಡವೆಂದರೆ ಅವರಿಗೆ ಕರಡಿ ಮತ್ತು ಚಿರತೆಯ ಸುದ್ದಿ, ಅಷ್ಟೆ. ಕುರಿಗಾಹಿ ಮನೆತನದಿಂದ ಬಂದಿದ್ದವನು ಒಬ್ಬನೇ ಹುಡುಗ.

ತರಬೇತುದಾರರು ಹೊರಗಿನಿಂದ ಬಂದವರಾದರೂ ಪುಸ್ತಕದ ಪಾಠವನ್ನು ಈ ನೆಲಕ್ಕೆ ಹೊಂದಿಸಿಕೊಳ್ಳಲು ಶ್ರಮಪಟ್ಟಿದ್ದರು. ಬದುಕುಳಿಯುವ ಪಾಠಗಳಲ್ಲಿ ಆದ್ಯತೆಯ ಕ್ರಮವೊಂದಿದೆ. ಉಸಿರಿಲ್ಲದೆ ಮೂರು ನಿಮಿಷ, ವಿಪರೀತ ಹವೆಯಲ್ಲಿ ಆಸರೆಯಿಲ್ಲದೆ ಮೂರು ತಾಸು, ನೀರಿಲ್ಲದೆ ಮೂರು ದಿನ, ಅನ್ನವಿಲ್ಲದೆ ಮೂರು ವಾರ ಎಂಬ ಸ್ಥೂಲ ಲೆಕ್ಕ ಅದು. ಇಂಥ ಲೆಕ್ಕವನ್ನು ಎಲ್ಲ ಕಡೆಗೂ ಒಂದೇ ಸಮನಾಗಿ ಹೇಳಿಬಿಡುವುದು ಸುಲಭ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಬಂಡೆಯೇ ಕಾದ ಹಂಚಾಗುವ ರಾಯಚೂರು, ಕೊಪ್ಪಳ, ಬಳ್ಳಾರಿಯ ಗುಡ್ಡಗಳಲ್ಲಿ ನೀರಿಲ್ಲದೆ ಮೂರು ದಿನ ಎಂಬ ಮಾತನ್ನು ನಂಬಿ ಯಾರೂ ನಡೆಯಬಾರದು. ಅಲ್ಲಿ ಒಂದು ಮಧ್ಯಾಹ್ನವೇ ಸಾಕು. ಶಿಬಿರವನ್ನು ಡಿಸೆಂಬರ್‌ನಲ್ಲಿ ಇಟ್ಟುಕೊಂಡದ್ದು ಇದೇ ಕಾರಣಕ್ಕೆ.

ಆಸರೆಯ ಪಾಠವೂ ಬದಲಾಯಿತು. ಪುಸ್ತಕದಲ್ಲಿ ಗವಿ ಎಂದರೆ ಒಳ್ಳೆಯ ಆಸರೆ. ಇಲ್ಲಿಯ ಗವಿಯಲ್ಲಿ ಕರಡಿ ಮಲಗಿರಬಹುದು, ಮೇಲಿನ ಬಂಡೆಯ ಅಂಚಿನಲ್ಲಿ ಹೆಜ್ಜೇನು ಕಟ್ಟಿರಬಹುದು. ಆದ್ದರಿಂದ ಗವಿಯೊಳಗೆ ಕಾಲಿಡಬಾರದು, ಬಂಡೆಯ ನೆರಳಿನ ಹೊರ ಅಂಚಿನಲ್ಲಿ ಕೂರಬೇಕು, ಸೆಂಟು ಹಚ್ಚಿಕೊಂಡು ಬರಬಾರದು, ಹೊಗೆ ಹಾಕಬಾರದು ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಲಾಯಿತು. ಬೆಂಕಿಯ ವಿಷಯದಲ್ಲಂತೂ ಗುಡ್ಡದ ಮೇಲೆ ಪೂರ್ಣ ನಿಷೇಧವಿತ್ತು. ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ ಎಂಬುದು ಒಂದು ಕಾರಣವಾದರೆ, ಹಿರೇಬೆಣಕಲ್ ಸುತ್ತಿನ ಬಂಡೆಯಾಸರೆಗಳಲ್ಲಿ ಪ್ರಾಚೀನ ಕೆಂಪು ವರ್ಣಚಿತ್ರಗಳಿದ್ದು ಮಸಿ ಹಿಡಿದರೆ ಅವು ಹಾಳಾಗುತ್ತವೆ ಎಂಬುದು ಇನ್ನೊಂದು. ಕಟ್ಟಿಗೆ ಹೊತ್ತಿಸುವ ಅಭ್ಯಾಸವೆಲ್ಲ ಕೆಳಗೆ, ಕೊಯ್ಲು ಮುಗಿದ ಹೊಲವೊಂದರಲ್ಲಿ ಮಾಲೀಕರ ಒಪ್ಪಿಗೆ ಪಡೆದು ನಡೆಯಿತು. ಚಳಿಗೆ ಗುಡಾರದ ಬದಲು ತಾಡಪತ್ರಿ ಮತ್ತು ಕಂಬಳಿ ಬಳಸಲಾಯಿತು.

ದಿಕ್ಕು ಹಿಡಿಯುವ ಪಾಠದಲ್ಲಿ ಸ್ವಾರಸ್ಯವಾದ ಒಂದು ತೊಡಕು ಎದುರಾಯಿತು. ಧ್ರುವ ನಕ್ಷತ್ರವು ಆಯಾ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುವುದರಿಂದ, ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿರುವ ಗಂಗಾವತಿಯಲ್ಲಿ ಅದು ದಿಗಂತದಿಂದ, ಕೈ ಚಾಚಿ ಹಿಡಿದ ಮುಷ್ಟಿಯ ಲೆಕ್ಕದಲ್ಲಿ, ಒಂದೂವರೆ ಮುಷ್ಟಿ ಎತ್ತರದಲ್ಲಷ್ಟೇ ಇರುತ್ತದೆ. ಬಿಡಾರದ ಉತ್ತರಕ್ಕೆ ಗುಡ್ಡವಿದ್ದುದರಿಂದ ಅದು ಕಾಣಲೇ ಇಲ್ಲ. ಮೂಡಣದಲ್ಲಿ ಏರುತ್ತಿದ್ದ ಕೃತ್ತಿಕೆಯ ಗೊಂಚಲನ್ನು ತೋರಿಸಿ ದಿಕ್ಕು ಹೇಳಿದವನು ಕುರಿಗಾಹಿಯ ಮಗ. ಅವನಿಗೆ ಅದನ್ನು ಯಾರೂ ಪಾಠವೆಂದು ಹೇಳಿಕೊಟ್ಟಿರಲಿಲ್ಲ.

ಹಾಗೆಂದು ಅವನಿಗೆ ತಿಳಿದದ್ದೆಲ್ಲ ಸರಿಯೆಂದಲ್ಲ. ಹಾವು ಕಚ್ಚಿದರೆ ಮೇಲ್ಭಾಗದಲ್ಲಿ ಬಿಗಿಯಾಗಿ ದಾರ ಕಟ್ಟಬೇಕು, ಗಾಯವನ್ನು ಕೊಯ್ದು ರಕ್ತ ಹರಿಸಬೇಕು ಎಂದು ಅವನು ಖಚಿತವಾಗಿ ನಂಬಿದ್ದ. ಎರಡೂ ಹಾನಿಕರ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಇವುಗಳಲ್ಲಿ ಯಾವುದು ಕಚ್ಚಿದರೂ ಮಾಡಬೇಕಾದುದು ಒಂದೇ: ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ನಡೆಸದೆ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಮುಟ್ಟಿಸುವುದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಅಧಿಸೂಚಿತ ರೋಗವೆಂದು, ಎಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗವೆಂದು, ಘೋಷಿಸಿದೆ ಎಂಬ ಸಂಗತಿ ಶಿಕ್ಷಕರಿಗೂ ಹೊಸದಾಗಿತ್ತು. ಹುಡುಗ ಮರುಮಾತಾಡದೆ ಕೇಳಿಸಿಕೊಂಡ, ಆದರೆ ಒಪ್ಪಿದಂತೆ ಕಾಣಲಿಲ್ಲ. ಅವನ ಮಟ್ಟಿಗೆ ಶಿಬಿರವೆಂದರೆ ತಾನು ದಿನವೂ ಮಾಡುವ ಕೆಲಸವನ್ನು ಇತರರು ಶಿಳ್ಳೆ, ಹಗ್ಗ ಹಿಡಿದು ಆಡುವ ಆಟ. ತಂಡದ ಕೆಲಸಗಳನ್ನು ಅವನೇ ಮಾಡಿ ಮುಗಿಸುತ್ತಿದ್ದ. ಕತ್ತಾಳೆ ನಾರಿನ ಹಗ್ಗ ಹೊಸೆಯುವುದಿರಲಿ, ಒಲೆಗೆ ಕಲ್ಲು ಹೊಂದಿಸುವುದಿರಲಿ, ಉಳಿದ ನಾಲ್ವರು ನೋಡುತ್ತ ನಿಲ್ಲುತ್ತಿದ್ದರು, ಅವನೂ ಅವರನ್ನು ಕರೆಯುತ್ತಿರಲಿಲ್ಲ.

ಶಿಬಿರದ ವಿನ್ಯಾಸದ ಹಿಂದೆ ಒಂದು ವಿಚಾರವಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯನ್ನು ಆರಂಭಿಸಿದರು. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಎಳೆಯ ನಾವಿಕರಿಗಿಂತ ಪಳಗಿದ ಹಿರಿಯರೇ ಹೆಚ್ಚು ಬದುಕಿ ಬರುತ್ತಾರೆ ಎಂಬ ಹೋಲ್ಟ್ ಅವರ ಅನಿಸಿಕೆ ಅದಕ್ಕೆ ಪ್ರೇರಣೆಯಾಗಿತ್ತು. ತೋಳಿನ ಬಲವೊಂದರಿಂದ ಕೆಲಸ ಆಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಅದಕ್ಕೂ ಹಿಂದೆ, 1909ರಲ್ಲಿ, ಜಾನಪದ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ ಹರೆಯದವರನ್ನು ದೊಡ್ಡವರ ಸಾಲಿಗೆ ಸೇರಿಸುವ ಆಚರಣೆಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದ್ದರು: ಮನೆಯಿಂದ ಬೇರ್ಪಡುವುದು, ಹೊಸ್ತಿಲ ಮೇಲೆ ನಿಂತಂತಿರುವ ನಡುವಿನ ಕಾಲ, ಮತ್ತು ಹೊಸ ಸ್ಥಾನದೊಂದಿಗೆ ಸಮುದಾಯಕ್ಕೆ ಮರುಸೇರ್ಪಡೆ. ನಾನು ನೋಡಿದ ಶಿಬಿರಗಳೆಲ್ಲ ಮೊದಲ ಎರಡನ್ನು ಶ್ರದ್ಧೆಯಿಂದ ಮಾಡುತ್ತವೆ, ಮೂರನೆಯದರ ಜಾಗದಲ್ಲಿ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತವೆ. ನಮ್ಮ ಕಡೆ ಹೆಣ್ಣುಮಗು ಮೈನೆರೆದರೆ ಆರತಿ ಮಾಡಿ ಊರಿಗೆಲ್ಲ ತಿಳಿಸುತ್ತಾರೆ, ಆದರೆ ಆ ದಿನದಿಂದ ಅವಳ ಓಡಾಟ ಕಡಿಮೆಯಾಗುತ್ತದೆಯೇ ಹೊರತು ಅವಳ ಮಾತಿನ ತೂಕ ಹೆಚ್ಚುವುದಿಲ್ಲ. ಗಂಡುಮಕ್ಕಳಿಗೆ ಅಂಥ ದಿನವೇ ಇಲ್ಲ. ದುಡಿಮೆ ಮಾತ್ರ ಬೇಗ ಹೆಗಲೇರುತ್ತದೆ.

ಬಂಡೆಯ ಮೇಲೆ ಸಾಲಾಗಿ ಇಟ್ಟ ಬಾಟಲಿಗಳು

ಕೊನೆಯ ದಿನ ತಂಡದ ಮುಂದಾಳತ್ವ ಗಿರಣಿ ಹಮಾಲರೊಬ್ಬರ ಮಗಳ ಪಾಲಿಗೆ ಚೀಟಿ ಎತ್ತಿ ಬಂದಿತ್ತು. ದಾರಿಯಲ್ಲಿ ತೀರ್ಮಾನಗಳೆಲ್ಲ ಮುಂದಾಳಿನವೇ ಎಂದು ಶಿಕ್ಷಕರ ಎದುರಿನಲ್ಲೇ ಹೇಳಲಾಗಿತ್ತು. ದೈಹಿಕ ಶಿಕ್ಷಕರು, ಒಬ್ಬ ತರಬೇತುದಾರ ಮತ್ತು ನಾನು ಕೂಗಳತೆಯ ದೂರದಲ್ಲಿ ಹಿಂದೆ ಬರುತ್ತಿದ್ದೆವು. ಗಾಯ, ಕಾಡುಪ್ರಾಣಿ, ಅಪಾಯದ ಕಡಿದಾದ ಅಂಚು, ಇವುಗಳ ಹೊರತು ಬಾಯಿ ಹಾಕಬಾರದೆಂದು ಒಪ್ಪಂದವಾಗಿತ್ತು. ಪ್ರತಿಯೊಬ್ಬರ ಬಳಿ ಒಂದೊಂದು ಲೀಟರಿನ ಎರಡು ಬಾಟಲಿ ನೀರು, ಅವಲಕ್ಕಿ, ಶೇಂಗಾ ಬೆಲ್ಲ, ತಂಡಕ್ಕೆ ಒಂದು ಶಿಳ್ಳೆ, ಓಆರ್‌ಎಸ್ ಪೊಟ್ಟಣಗಳು, ಕ್ಲೋರಿನ್ ಮಾತ್ರೆಗಳು ಇದ್ದವು.

ಎರಡು ಬಂಡೆಗಳ ನಡುವಿನ ಇಕ್ಕಟ್ಟಿನ ಏರು ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಹಿಂದೆ ಬೀಳತೊಡಗಿದ. ಶನಿವಾರದ ಒಪ್ಪತ್ತೆಂದು ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ಮೀನಖಂಡ ಹಿಡಿದುಕೊಂಡು ಕುಳಿತ, ಒಮ್ಮೆ ವಾಂತಿ ಮಾಡಿದ, ತಲೆ ಸುತ್ತುತ್ತದೆ ಎಂದ. ಮೈಯೆಲ್ಲ ಬೆವರು, ಆದರೆ ಮಾತು ಸ್ಪಷ್ಟವಾಗಿತ್ತು. ಎಂದರೆ ಇದು ಬಳಲಿಕೆಯ ಹಂತವೇ ಹೊರತು ಮೈಯ ತಾಪ 40 ಡಿಗ್ರಿ ದಾಟಿ ಮತಿ ತಪ್ಪುವ ಬಿಸಿಲಾಘಾತವಲ್ಲ. ಹುಡುಗಿ ಅವನನ್ನು ನೆರಳಿಗೆ ಸರಿಸಿ, ಬೂಟಿನ ಲಾಡಿ ಬಿಚ್ಚಿಸಿ, ಕುತ್ತಿಗೆಗೆ ಒದ್ದೆ ಟವೆಲು ಹಾಕಿಸಿದಳು. ನಂತರ ಎಲ್ಲರ ಬಾಟಲಿಗಳನ್ನೂ ತರಿಸಿ ಬಂಡೆಯ ಮೇಲೆ ಸಾಲಾಗಿ ಇಡಿಸಿದಳು. ನೀರಿನ ಮಟ್ಟಕ್ಕೆ ಬೆರಳಿಟ್ಟು ಒಂದೊಂದನ್ನೇ ನೋಡಿದಳು. ಅಸ್ವಸ್ಥ ಹುಡುಗನ ಎರಡೂ ಬಾಟಲಿಗಳು ಖಾಲಿಯಾಗಿದ್ದವು. ಒಂದು ಲೀಟರನ್ನು ಅವನು ಏರಿನಲ್ಲಿ ತಲೆಗೆ ಸುರಿದುಕೊಂಡಿದ್ದ. ಎಲ್ಲ ಸೇರಿ ನಾಲ್ಕು ಲೀಟರಿಗೆ ತುಸು ಕಡಿಮೆ ಉಳಿದಿತ್ತು. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು, ಕಡಿಮೆ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ ಎಂದು ಅವರಿಗೆ ಕಲಿಸಲಾಗಿತ್ತು. ಪಕ್ಕದ ಹುಡುಗನೊಬ್ಬ ಅರ್ಧ ಬಾಟಲಿಗೇ ಇಡೀ ಪೊಟ್ಟಣ ಸುರಿಯಲು ಹೋದಾಗ ಅವಳು ಕೈ ಹಿಡಿದು ನಿಲ್ಲಿಸಿ, ಇನ್ನೊಂದು ಬಾಟಲಿಯಿಂದ ಕುತ್ತಿಗೆಯವರೆಗೆ ತುಂಬಿಸಿ, ಆಮೇಲೆ ಪುಡಿ ಹಾಕಿದಳು. ಅಲ್ಲಿಗೆ ಒಂದು ಲೀಟರು ಒಬ್ಬನಿಗೆ ಮೀಸಲಾಯಿತು. ಉಳಿದ ಮೂರು ಲೀಟರಿಗೂ ತುಸು ಕಡಿಮೆ ನೀರಿನಲ್ಲಿ ನಾಲ್ವರು ಅರ್ಧಕ್ಕಿಂತ ಹೆಚ್ಚಿನ ದಾರಿಯನ್ನು ನಡೆಯಬೇಕಿತ್ತು.

ಆಗ ಕುರಿಗಾಹಿಯ ಮಗ ಹೇಳಿದ: "ಮ್ಯಾಲ ಹೊಂಡದಾಗ ನೀರ ಐತಿ. ನಾ ಒಬ್ಬನ ಹೋಗಿ ತುಂಬ್ಕೊಂಡ ಬರ್ತೀನಿ. ಅರ್ಧ ತಾಸು."

"ನೀ ಬರೂದು ತಡ ಆದ್ರ ನಿನ್ನ ಹುಡುಕಾಕ ಯಾರನ್ನ ಕಳಸ್ಲಿ? ಇವನ್ನ ಯಾರ ನೋಡ್ಕೊಬೇಕು?"

"ನಾ ಯಾಕ ತಡ ಮಾಡ್ಲಿ? ದಿನಾ ಓಡಾಡೋ ಜಾಗ ಅದು."

"ನಿನಗ ದಿನಾ. ನಮಗಲ್ಲ. ಎಲ್ಲಾರೂ ಇಳಿಯೂಣು."

ಹಿಂದೆ ನಿಂತಿದ್ದ ದೈಹಿಕ ಶಿಕ್ಷಕರು ಮುಂದೆ ಹೆಜ್ಜೆ ಹಾಕಿದರು. ಹುಡುಗ ಹೇಳುವುದು ಸರಿ, ಹೊಂಡ ಹತ್ತಿರವೇ ಇದೆ, ಇಷ್ಟು ದೂರ ಬಂದು ಇಳಿಯುವುದೇಕೆ ಎಂಬುದು ಅವರ ಅಭಿಪ್ರಾಯ. ತರಬೇತುದಾರ ಅವರ ತೋಳು ಮುಟ್ಟಿ ತಡೆದ. ಇಬ್ಬರ ನಡುವೆ ಪಿಸುಮಾತಿನಲ್ಲಿ ನಡೆದ ಆ ಜಗಳವನ್ನು ಮಕ್ಕಳು ನೋಡಲಿಲ್ಲ ಎಂದುಕೊಂಡಿದ್ದೆವು. ನೋಡಿದ್ದರೆಂದು ಆಮೇಲೆ ತಿಳಿಯಿತು.

ಕುರಿಗಾಹಿಯ ಮಗನಿಗೆ ಸಿಟ್ಟು ಬಂದಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಅವನು ಅಸ್ವಸ್ಥ ಹುಡುಗನ ಚೀಲವನ್ನು ತನ್ನ ಹೆಗಲಿಗೇರಿಸಿ, ಕೋಲಿನಿಂದ ಬಂಡೆಯನ್ನು ಬಡಿಯುತ್ತ ಮುಂದೆ ನಡೆದ. ಸಪ್ಪಳ ಕೇಳಿದರೆ ಕರಡಿ ತಾನಾಗಿ ದೂರ ಸರಿಯುತ್ತದೆ, ಎದುರಾಬದುರಾ ಆದಾಗಲೇ ಅದು ಮೈಮೇಲೆ ಬರುವುದು. ಇಳಿಜಾರಿನಲ್ಲಿ ಎಲ್ಲಿ ಕಾಲಿಡಬೇಕು, ಎಲ್ಲಿ ಕುಳಿತು ಜಾರಬೇಕು ಎಂದು ಹಿಂದಿನವರಿಗೆ ಒಂದೊಂದಾಗಿ ಹೇಳಿಕೊಟ್ಟ. ಶಿಬಿರ ಆರಂಭವಾದ ಮೇಲೆ ಅವನು ತನ್ನ ವಿದ್ಯೆಯನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಕೊಟ್ಟದ್ದು ಆಗಲೇ. ಮಧ್ಯಾಹ್ನದ ಊಟದ ಹೊತ್ತಿಗೆ ತಂಡ ಬಿಡಾರದಲ್ಲಿತ್ತು.

ಪ್ರಮಾಣಪತ್ರ ಮತ್ತು ಸಭೆ

ಮರುದಿನ ತರಬೇತುದಾರರು ಹೋಗಿ ನೋಡಿದಾಗ ಹೊಂಡದಲ್ಲಿ ನೀರು ತುಂಬಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ, ಅರ್ಧ ತಾಸು ಬಿಟ್ಟಿದ್ದರೆ ಕುಡಿಯಬಹುದಿತ್ತು, ಬಹುಶಃ ತಂಡವು ತಡವಾಗಿಯಾದರೂ ಗುಡಿಯನ್ನು ಮುಟ್ಟುತ್ತಿತ್ತು. ಎಂದರೆ ಹುಡುಗಿಯ ತೀರ್ಮಾನವೇ ಸರಿ ಎಂದು ಘಟನೆಯು ಸಾಬೀತು ಮಾಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವುದು ಇದೇ. ಅವಳು ಆ ಹೊತ್ತಿಗೆ ತನಗೆ ತಿಳಿದಿದ್ದರ ಮೇಲೆ, ತನ್ನ ಹೊಣೆಯಲ್ಲಿದ್ದ ನಾಲ್ವರನ್ನು ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನಿಸಿದಳು, ಬಲ್ಲವನೊಬ್ಬ ಎದುರು ನಿಂತು ಬೇಡವೆಂದರೂ ಅದಕ್ಕೆ ಕಾರಣ ಕೊಟ್ಟಳು. ಬೆಂಕಿ ಹೊತ್ತಿಸುವುದನ್ನೂ ಗಂಟು ಹಾಕುವುದನ್ನೂ ಯಾವ ವಯಸ್ಸಿನ ಮಗುವೂ ಕಲಿಯಬಲ್ಲದು. ಆ ಕೌಶಲಗಳು ಪ್ರೌಢತೆಯ ದಾರಿಯಾಗುವುದು ಹಿರಿಯರು ನಿಜವಾದ ಒಂದು ತೀರ್ಮಾನವನ್ನು ಮಕ್ಕಳ ಕೈಗೆ ಬಿಟ್ಟುಕೊಟ್ಟು, ಅದು ತಮಗೆ ಹಿಡಿಸದಿದ್ದಾಗಲೂ ಹಿಂದಕ್ಕೆ ಕಿತ್ತುಕೊಳ್ಳದಿದ್ದರೆ ಮಾತ್ರ. ಗುಡ್ಡದ ಮೇಲೆ ಅದು ತರಬೇತುದಾರನ ಕೈಯೊಂದರಿಂದ ಉಳಿಯಿತು. ಶಾಲೆಯಲ್ಲಿ ಉಳಿಯಲಿಲ್ಲ.

ದಾರಿ ಪೂರ್ಣಗೊಳಿಸಿದ ತಂಡಗಳಿಗೆ ಜನವರಿ 26ರ ಧ್ವಜಾರೋಹಣದ ಸಮಾರಂಭದಲ್ಲಿ ಪ್ರಮಾಣಪತ್ರ ಕೊಡಲಾಯಿತು. ಈ ಐವರ ಹೆಸರನ್ನು ಕರೆಯಲಿಲ್ಲ. ನಿಯಮ ಎಂದರೆ ನಿಯಮ, ಅರ್ಧಕ್ಕೆ ಬಂದವರಿಗೂ ಕೊಟ್ಟರೆ ಪೂರ್ತಿ ಮಾಡಿದವರಿಗೆ ಅನ್ಯಾಯ ಎಂದು ಶಾಲೆಯ ಮುಖ್ಯಸ್ಥರು ವಾದಿಸಿದರು. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ತೀರ್ಮಾನ ನಿಮ್ಮದೇ ಎಂದು ಮೊದಲು ಹೇಳಿ, ಒಂದು ಬಗೆಯ ತೀರ್ಮಾನಕ್ಕೆ ಮಾತ್ರ ಬಹುಮಾನವಿಟ್ಟರೆ ಮುಂದಿನ ವರ್ಷದ ಮುಂದಾಳು ಏನು ಮಾಡುತ್ತಾನೆ? ಅಸ್ವಸ್ಥನಾದ ಗೆಳೆಯನನ್ನು ಎಳೆದುಕೊಂಡಾದರೂ ಗುಡಿಯನ್ನು ಮುಟ್ಟುತ್ತಾನೆ. ಗುಡ್ಡಗಳಲ್ಲಿ ಜನ ಸಾಯುವ ಬಗೆಗಳಲ್ಲಿ ಅದೂ ಒಂದು. ದೈಹಿಕ ಶಿಕ್ಷಕರು ಈ ಹಂತದಲ್ಲಿ ಹುಡುಗಿಯ ಪರ ನಿಂತದ್ದು ಹಲವರಿಗೆ ಆಶ್ಚರ್ಯ ತಂದಿತು. ಗುಡ್ಡದ ಮೇಲೆ ತಾವು ಒಪ್ಪಿರಲಿಲ್ಲ, ಈಗಲೂ ಪೂರ್ತಿ ಒಪ್ಪುವುದಿಲ್ಲ, ಆದರೆ ಕೊಟ್ಟ ಮಾತು ಕೊಟ್ಟದ್ದೇ ಎಂದರು ಅವರು.

ಪ್ರಮಾಣಪತ್ರ ಕೊನೆಗೂ ಬರಲಿಲ್ಲ. ಅದರ ಬದಲು ಐವರೂ ತಮ್ಮ ತೀರ್ಮಾನವನ್ನು ಪಾಲಕರ ಸಭೆಯಲ್ಲಿ ತಾವೇ ವಿವರಿಸಬೇಕು, ಮುಂದಿನ ಶಿಬಿರದ ನಿಯಮಗಳನ್ನು ಬರೆಯುವಾಗ ಅವರೂ ಕೂರಬೇಕು ಎಂದು ಒಪ್ಪಂದವಾಯಿತು. ಸಭೆಗೆ ಬಂದ ಪಾಲಕರು ಹೆಚ್ಚಿಲ್ಲ. ಹುಡುಗಿಯ ತಾಯಿ, "ಇನ್ನೊಮ್ಮೆ ಇಂಥಾದಕ್ಕ ಕಳಸಂಗಿಲ್ಲ ರೀ ಸರ, ಗುಡ್ಡದಾಗ ಏನಾರ ಆಗಿದ್ರ?" ಎಂದು ಮೊದಲೇ ಹೇಳಿಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಕುರಿಗಾಹಿ ತಂದೆ ಎಲ್ಲವನ್ನೂ ಕೇಳಿದ ಮೇಲೆ ಎದ್ದು ನಿಂತರು.

"ಹೊಂಡದಾಗ ನೀರ ಇತ್ತಲ್ಲವ್ವಾ. ನನ್ನ ಮಗ ಕಣ್ಣ ಮುಚ್ಚಿಕೊಂಡ ಹೋಗಿ ಬರ್ತಾನ. ನಾ ಆಗಿದ್ರ ಕಳಸ್ತಿದ್ದೆ."

"ನಿಮಗ ಅವ ಗೊತ್ತು ರೀ ಕಾಕಾ. ನನಗ ಆ ದಾರಿ ಗೊತ್ತಿದ್ದಿಲ್ಲ. ಅವ ಬರದಿದ್ರ ಏನ ಮಾಡ್ಬೇಕಂತ ನನಗ ತಿಳಿದಿದ್ದಿಲ್ಲ."

"ಹಂಗಂದ್ರ ಜೋಡಿ ಮಾಡಿ ಇಬ್ಬರನ್ನ ಕಳಸ್ಬೇಕಿತ್ತು."

"ಇಬ್ಬರು ಹೋದ್ರ ಇಲ್ಲಿ ಉಳಿಯೂದು ಮೂರ ಮಂದಿ. ಇವನಿಗೆ ಹೆಚ್ಚಾಗಿದ್ರ ನಾವಿಬ್ಬರ ಎತ್ತಿ ಇಳಿಸಾಕ ಆಗ್ತಿದ್ದಿಲ್ಲ ರೀ."

ಅವರು ಒಪ್ಪಲಿಲ್ಲ. ಇನ್ನೂ ಸ್ವಲ್ಪ ಹೊತ್ತು ದಾರಿ, ಹೊಂಡ, ಬಿಸಿಲಿನ ಲೆಕ್ಕ ಹಾಕುತ್ತ ಅವಳೊಡನೆ ವಾದ ಮಾಡಿದರು. ಧ್ವನಿಯಲ್ಲಿ ಗದರಿಕೆಯಾಗಲಿ, ಮಕ್ಕಳನ್ನು ರಮಿಸುವ ನಗುವಾಗಲಿ ಇರಲಿಲ್ಲ. ಇನ್ನೊಬ್ಬ ಕುರಿಗಾಹಿಯೊಡನೆ ಮೇವಿನ ಜಾಗದ ಬಗ್ಗೆ ಮಾತಾಡುವಂತೆ ಮಾತಾಡಿದರು. ವಾನ್ ಗೆನೆಪ್ ಹೇಳಿದ ಮೂರನೆಯ ಘಟ್ಟ ಈ ಪ್ರಕರಣದಲ್ಲಿ ಎಲ್ಲಾದರೂ ನಡೆದಿದ್ದರೆ, ಅದು ಆ ವಾದದಲ್ಲಿ ನಡೆಯಿತು ಎಂದು ನಾನು ಭಾವಿಸುತ್ತೇನೆ. ಅವರ ಮಗ ತಂದೆಯ ಕಡೆಗೊಮ್ಮೆ, ಹುಡುಗಿಯ ಕಡೆಗೊಮ್ಮೆ ನೋಡಿ, ಜೋಡಿ ಕಳಿಸುವುದಾದರೆ ಮುಂದಿನ ಸಲ ತಂಡದಲ್ಲಿ ಆರು ಜನ ಇರಬೇಕು ಎಂದ. ಆ ಮಾತು ಹಾಗೆಯೇ ನಿಯಮವಾಗಿ ಬರೆಯಲ್ಪಟ್ಟಿತು.

ಬರೆದ ಇತರ ನಿಯಮಗಳಲ್ಲಿ ಎರಡನ್ನು ಹೇಳಬೇಕು. ಹೊರಡುವ ಮೊದಲು ಪ್ರತಿಯೊಬ್ಬರೂ ಉಂಡಿದ್ದಾರೆಯೇ ಎಂದು ಮುಂದಾಳು ಎಲ್ಲರೆದುರಿಗೆ ಕೇಳಬೇಕು, ಒಪ್ಪತ್ತು ಇರುವವರು ಆ ದಿನ ಬಿಡಾರದಲ್ಲೇ ಉಳಿಯಬೇಕು. ಹಿಂದಿರುಗಿದ ತಂಡವೂ ತನ್ನ ಕಾರಣಗಳನ್ನು ವಿವರಿಸಿದರೆ ಶಿಬಿರವನ್ನು ಪೂರ್ಣಗೊಳಿಸಿದಂತೆಯೇ ಲೆಕ್ಕ. ಎರಡನೆಯದಕ್ಕೆ ಶಾಲೆಯ ಮುಖ್ಯಸ್ಥರು ಸಹಿ ಹಾಕಿದರು, ಆದರೆ ಹಿಂದಿನ ವರ್ಷಕ್ಕೆ ಅದು ಅನ್ವಯಿಸದು ಎಂದು ಕೆಳಗೆ ಬರೆಸಿದರು.

ಫಲಿತಾಂಶವನ್ನು ದೊಡ್ಡದು ಮಾಡಿ ಹೇಳುವಂತಿಲ್ಲ. ಹುಡುಗಿಯ ತಾಯಿ ಮನಸ್ಸು ಬದಲಿಸಲಿಲ್ಲ. ಮುಂದಿನ ಶಿಬಿರದಲ್ಲಿ ಅವಳು ಹಗಲಿನಲ್ಲಿ ಕಿರಿಯರಿಗೆ ನೀರಿನ ಲೆಕ್ಕ ಕಲಿಸಿ ಸಂಜೆ ಮನೆಗೆ ಮರಳುತ್ತಿದ್ದಳು. ಒಪ್ಪತ್ತು ಇದ್ದ ಹುಡುಗ ಆ ದಿನದ ಬಗ್ಗೆ ಮಾತಾಡಲು ಇಷ್ಟಪಡುವುದಿಲ್ಲ. ಕುರಿಗಾಹಿಯ ಮಗನಿಗೆ ಮುಂದಾಳತ್ವದ ಸರದಿ ಬರಲೇ ಇಲ್ಲ. ಮುಂಗಾರು ಭತ್ತದ ಕೊಯ್ಲು ಮುಗಿದೊಡನೆ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕಾಲ ಆರಂಭವಾಗುತ್ತದೆ, ಹಿಂಡಿನೊಡನೆ ಅವನು ರಾಯಚೂರಿನ ಕಡೆಯ ಬಯಲಿಗೆ ಹೋಗಿದ್ದ. ಶಾಲೆಗೆ ತಂಪಿನ ಡಿಸೆಂಬರ್ ಅನುಕೂಲವಾದರೆ ಕುರಿಗಾಹಿ ಮನೆಗಳಿಗೆ ಅದೇ ದುಡಿಮೆಯ ತಿಂಗಳು ಎಂಬುದು ದಿನಾಂಕ ಗೊತ್ತುಮಾಡುವಾಗ ಯಾರಿಗೂ ಹೊಳೆದಿರಲಿಲ್ಲ. ಈಗ ಶಿಬಿರವನ್ನು ಅಕ್ಟೋಬರಿನ ದಸರಾ ರಜೆಗೆ ಹಿಂದೂಡುವ ಮಾತು ನಡೆದಿದೆ. ಆಗ ಪೊದೆ ದಟ್ಟವಾಗಿದ್ದು ಹಾವಿನ ಭಯ ಹೆಚ್ಚು ಎಂದು ತರಬೇತುದಾರರು ಹಿಂಜರಿಯುತ್ತಿದ್ದಾರೆ. ಗುಡ್ಡದ ಬುಡದಲ್ಲಿ ಆ ತಿಂಗಳು ಯಾವ ದಾರಿ ಬೋಳಾಗಿರುತ್ತದೆ ಎಂಬುದನ್ನು ತೋರಿಸಲು ಆ ಹುಡುಗನ ತಂದೆಯನ್ನೇ ಕರೆಯಲಾಗಿದೆ.